ಕೇಜನ್ ಸಂಗೀತದಲ್ಲಿ ಹಳೆಯದು ಅಂದರೆ ಎಷ್ಟು ಹಳೆಯದು?

2024ರ ಫೆಬ್ರವರಿಯಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದ ಲಾಸ್ಟ್ ಬಾಯೂ ರ‍್ಯಾಂಬ್ಲರ್ಸ್ ಎಂಬ ಕೇಜನ್ ತಂಡಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು, ಇನ್ನೊಂದು ತಂಡದ ಜೊತೆ ಹಂಚಿಕೊಂಡ ಪ್ರಶಸ್ತಿ. ನ್ಯೂ ಆರ್ಲಿಯನ್ಸ್‌ನ ಆರ್ಫಿಯಂ ಥಿಯೇಟರಿನಲ್ಲಿ ಅವರು ಕೊಟ್ಟ ಕಛೇರಿಯ ಧ್ವನಿಮುದ್ರಣಕ್ಕೆ ಅದು ಸಂದದ್ದು. ಹತ್ತು ಬಟನ್ನಿನ ಅಕಾರ್ಡಿಯನ್, ಪಿಟೀಲು, ಫ್ರೆಂಚ್ ಹಾಡುಗಳು ಎಲ್ಲ ಇದ್ದವು. ಜೊತೆಗೆ ನುಡಿಸಿದ್ದು ಲೂಯಿಸಿಯಾನಾ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾ.

ಇಂಥ ಪ್ರಯೋಗ ನಡೆದಾಗಲೆಲ್ಲ ಕೇಜನ್ ನಾಡಿನಲ್ಲಿ, ಅಂದರೆ ಲೂಯಿಸಿಯಾನಾದ ಫ್ರೆಂಚ್ ಮೂಲದ ಜನರ ನಾಡಿನಲ್ಲಿ, ಒಂದು ಪ್ರಶ್ನೆ ಏಳುತ್ತದೆ: ಇದು ನಮ್ಮ ಸಂಗೀತವೇ? ಈ ಹುಡುಗರು ಅದನ್ನು ಬೆಳೆಸುತ್ತಿದ್ದಾರೋ, ಕೆಡಿಸುತ್ತಿದ್ದಾರೋ? ಈ ಸಂಗೀತವನ್ನು ಪ್ರೀತಿಸಿ ಕೇಳುವವನಾಗಿ ನನಗೆ ಅನಿಸುವುದು ಇಷ್ಟು: ಪ್ರಶ್ನೆ ಸರಿಯಾದದ್ದೇ, ಆದರೆ ಅದನ್ನು ವಾದ್ಯಗಳ ಮೇಲೆ, ಶಬ್ದದ ಮೇಲೆ ಅಳೆಯುವುದು ತಪ್ಪು. ಯಾಕೆ ತಪ್ಪು ಅನ್ನುವುದಕ್ಕೆ ಈ "ಹಳೆಯ" ಸಂಗೀತ ಹುಟ್ಟಿದ ಬಗೆಯನ್ನು ನೋಡಬೇಕು.

ಕೇಜನ್ನರ ಪೂರ್ವಜರು ಇಂದಿನ ಕೆನಡಾದ ನೋವಾ ಸ್ಕೋಷಿಯಾ ಪ್ರದೇಶದಲ್ಲಿ, ಆಗ ಅಕೇಡಿಯಾ ಅನ್ನಿಸಿಕೊಂಡಿದ್ದ ನಾಡಿನಲ್ಲಿ ನೆಲೆಸಿದ್ದ ಫ್ರೆಂಚ್ ರೈತರು. 1755ರಿಂದ ಬ್ರಿಟಿಷರು ಅವರನ್ನು ಅಲ್ಲಿಂದ ಹೊರಗಟ್ಟಿದರು. ಮನೆ ಸುಟ್ಟು, ಕುಟುಂಬಗಳನ್ನು ಒಡೆದು, ಹಡಗು ಹತ್ತಿಸಿದರು. ಅಲೆದಾಡಿದವರಲ್ಲಿ ಒಂದು ಪಾಲು 1760ರ ದಶಕದಿಂದ ಲೂಯಿಸಿಯಾನಾಕ್ಕೆ ಬಂದು ಸೇರಿತು. ಅಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರು, ಮೂಲನಿವಾಸಿಗಳು, ಸ್ಪ್ಯಾನಿಷರು, ಜರ್ಮನರು, ಐರಿಷರು ಎಲ್ಲರೂ ಇದ್ದರು. ಇವತ್ತು ಲಾಫಯೆಟ್, ಯೂನಿಸ್, ಮಾಮೂ, ವಿಲ್ ಪ್ಲಾಟ್ ಊರುಗಳ ಸುತ್ತ ಕೇಳಿಬರುವ ಸಂಗೀತ ಈ ಎಲ್ಲರ ಒಡನಾಟದಲ್ಲಿ ಹದವಾದದ್ದು. ಅಕೇಡಿಯಾದಿಂದ ಯಾರೂ ಅದನ್ನು ಗಂಟು ಕಟ್ಟಿ ಹೊತ್ತು ತಂದಿರಲಿಲ್ಲ.

ಮೊದಲು ಇದ್ದದ್ದು ಪಿಟೀಲು ಮಾತ್ರ. ಮನೆಯ ಕೋಣೆಯೊಂದರ ಸಾಮಾನು ಹೊರಗಿಟ್ಟು ನಡೆಸುವ ಕುಣಿತಗಳಲ್ಲಿ ಇಬ್ಬರು ಪಿಟೀಲು ಹಿಡಿದು ಕೂರುತ್ತಿದ್ದರು, ಒಬ್ಬ ರಾಗ ನುಡಿಸಿದರೆ ಇನ್ನೊಬ್ಬ ಕೆಳಗಿನ ತಂತಿಗಳ ಮೇಲೆ ಕಮಾನನ್ನು ಲಯಕ್ಕೆ ತಕ್ಕಂತೆ ಉಜ್ಜುತ್ತಿದ್ದ. ಇಂದು ಕೇಜನ್ ಸಂಗೀತದ ಗುರುತೇ ಆಗಿರುವ ಅಕಾರ್ಡಿಯನ್ ಜರ್ಮನಿಯಿಂದ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದು ಬೇರೂರಿದ್ದಂತೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ.

ಈ ವಾದ್ಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಮುಂದಿನ ಜಗಳವೆಲ್ಲ ಇದರ ಸುತ್ತಲೇ ಇದೆ. ಇದು ಹಾರ್ಮೋನಿಯಂನ ಬಂಧು, ಎರಡರಲ್ಲೂ ಗಾಳಿಗೆ ಕಂಪಿಸುವ ಲೋಹದ ರೀಡುಗಳಿಂದಲೇ ಸ್ವರ ಹುಟ್ಟುವುದು. ಆದರೆ ಹಾರ್ಮೋನಿಯಂನಲ್ಲಿ ಒಂದು ಕೀ ಒತ್ತಿದರೆ ಒಂದೇ ಸ್ವರ. ಕೇಜನ್ ಅಕಾರ್ಡಿಯನ್ನಿನಲ್ಲಿ ಬಲಗೈಗೆ ಒಂದೇ ಸಾಲಿನ ಹತ್ತು ಬಟನ್, ತಿದಿಯನ್ನು ಒಳಕ್ಕೆ ಒತ್ತಿದರೆ ಒಂದು ಸ್ವರ, ಹೊರಕ್ಕೆ ಎಳೆದರೆ ಇನ್ನೊಂದು. ಎಡಗೈಗೆ ಎರಡೇ ಬಟನ್: ಒತ್ತಿದಾಗ ಷಡ್ಜದ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು), ಎಳೆದಾಗ ಪಂಚಮದ ಕಾರ್ಡ್. ಸಾಮಾನ್ಯವಾಗಿ ಶ್ರುತಿ ಸಿ. ಶುದ್ಧ ಸ್ವರಗಳಷ್ಟೇ ಸಿಗುತ್ತವೆ, ಕೋಮಲ ಸ್ವರಗಳೂ ತೀವ್ರ ಮಧ್ಯಮವೂ ಇಲ್ಲ. ಮಧ್ಯಮದ ಕಾರ್ಡ್ ಬೇಕಾದರೆ ಪೂರ್ತಿ ಬರುವುದಿಲ್ಲ, ಅದಕ್ಕೆ ಬೇಕಾದ ಮೂರು ಸ್ವರಗಳಲ್ಲಿ ಎರಡು ಎಳೆತದಲ್ಲಿವೆ, ಒಂದು ಒತ್ತಿನಲ್ಲಿದೆ.

ಇಷ್ಟೆಲ್ಲ ಕೊರತೆಯ ವಾದ್ಯ ಗೆದ್ದದ್ದು ಅದರ ಗಟ್ಟಿ ದನಿಯಿಂದ. ಪ್ರತಿ ಸ್ವರಕ್ಕೆ ನಾಲ್ಕು ರೀಡು ಒಟ್ಟಿಗೆ ಮೊಳಗುತ್ತವೆ. ಮೈಕ್ ಇಲ್ಲದ ಕಾಲದಲ್ಲಿ, ಕಾಲಿನ ಸದ್ದು, ಮಾತು, ನಗು ತುಂಬಿದ ಕೋಣೆಯಲ್ಲಿ ಅದು ಕೇಳಿಸುತ್ತಿತ್ತು. ಉಳಿದವರೆಲ್ಲ ಅದಕ್ಕೆ ಹೊಂದಿಕೊಂಡರು. ಪಿಟೀಲುಗಾರರು ತಂತಿಗಳನ್ನು ಒಂದು ಸ್ವರ ಕೆಳಗಿಳಿಸಿ ಶ್ರುತಿ ಮಾಡಿಕೊಂಡರು. ಹಾಡುವವರು ಗಂಟಲನ್ನು ಬಿಗಿಹಿಡಿದು ತಾರಸ್ಥಾಯಿಗೆ ಏರಿಸಿದರು. ಕೇಜನ್ ಹಾಡಿನಲ್ಲಿ ಕೇಳುವ ಆ ಅಳುವಿನಂಥ ಕೂಗು ಭಾವದಿಂದ ಎಷ್ಟು ಬಂದಿದೆಯೋ ಅಷ್ಟೇ ಅಕಾರ್ಡಿಯನ್ನಿನ ಗದ್ದಲದಿಂದಲೂ ಬಂದಿದೆ. ಆಯ್ಕೆ ಕಡಿಮೆ ಇರುವುದರಿಂದ ವಾದಕ ಲಯದಲ್ಲಿ ಆಟ ಹುಡುಕುತ್ತಾನೆ: ಸ್ವರವನ್ನು ತುಂಡರಿಸುತ್ತಾನೆ, ಅಷ್ಟಮ ಅಂತರದಲ್ಲಿ ಎರಡು ಬಟನ್ ಒಟ್ಟಿಗೆ ಒತ್ತುತ್ತಾನೆ, ತಿದಿಯನ್ನು ಝಾಡಿಸುತ್ತಾನೆ. ಪಕ್ಕದಲ್ಲಿ ಹುಲ್ಲು ಬಾಚುವ ಕುಂಟೆಯ ಕಬ್ಬಿಣದ ಹಲ್ಲು ಬಗ್ಗಿಸಿ ಮಾಡಿದ ತ್ರಿಕೋನ ತಾಳ ಹಾಕುತ್ತಿರುತ್ತದೆ.

1928ರ ಏಪ್ರಿಲ್‌ನಲ್ಲಿ ಅಕಾರ್ಡಿಯನ್ ವಾದಕ ಜೋ ಫಾಲ್ಕನ್ ಮತ್ತು ಗಿಟಾರ್ ಹಿಡಿದ ಕ್ಲಿಯೋಮಾ ಬ್ರೋ ನ್ಯೂ ಆರ್ಲಿಯನ್ಸ್‌ನಲ್ಲಿ ಕೊಲಂಬಿಯಾ ಕಂಪನಿಗೆ ಹಾಡಿದರು. ಅದೇ ಮೊದಲ ಕೇಜನ್ ಗ್ರಾಮಫೋನ್ ತಟ್ಟೆ. ಮರುವರ್ಷ ಕಪ್ಪು ಕ್ರಿಯೋಲ್ (ಲೂಯಿಸಿಯಾನಾದ ಫ್ರೆಂಚ್ ಮಾತಾಡುವ ಕಪ್ಪು ಜನರ) ಅಕಾರ್ಡಿಯನ್ ವಾದಕ ಅಮೆದೆ ಆರ್ದ್ವಾಂ, ಬಿಳಿಯ ಪಿಟೀಲುಗಾರ ಡೆನಿಸ್ ಮೆಗೀ ಜೊತೆ ಧ್ವನಿಮುದ್ರಣ ಮಾಡಿಸಿದ. ಜನಾಂಗ ವಿಭಜನೆಯ ಕಾನೂನು ಉಸಿರುಗಟ್ಟಿಸುತ್ತಿದ್ದ ದಿನಗಳವು. ಇವತ್ತು "ಹಳೆಯ ಕೇಜನ್ ಹಾಡು" ಎಂದು ಹಾಡುವ ಬಹಳಷ್ಟರ ಬೇರು ಆರ್ದ್ವಾಂನ ತಟ್ಟೆಗಳಲ್ಲಿದೆ.

ನಂತರ ಬಂದ ತಿರುವನ್ನು ಸಂಪ್ರದಾಯದ ಪರ ವಾದಿಸುವವರು ಅಷ್ಟಾಗಿ ನೆನೆಯುವುದಿಲ್ಲ. 1930ರ ದಶಕದಲ್ಲಿ ಎಣ್ಣೆ ಬಾವಿಗಳು ಬಂದವು, ಹೆದ್ದಾರಿ ಬಂತು, ರೇಡಿಯೊದಲ್ಲಿ ಟೆಕ್ಸಸ್‌ನ ವೆಸ್ಟರ್ನ್ ಸ್ವಿಂಗ್, ಅಂದರೆ ಜಾಜ್ ಬೆರೆತ ಹಳ್ಳಿಗಾಡಿನ ಕುಣಿತದ ಸಂಗೀತ, ಬಂತು. ಯುವಕರಿಗೆ ಎಲ್ಲ ಶ್ರುತಿಯಲ್ಲೂ, ಎಲ್ಲ ಕಾರ್ಡಿನಲ್ಲೂ ನುಡಿಸುವ ಆಸೆ. ಒಂದೇ ಸಾಲಿನ ಅಕಾರ್ಡಿಯನ್ನಿಗೆ ಅದು ಸಾಧ್ಯವಿರಲಿಲ್ಲ. ಹಾಗಾಗಿ ಅದನ್ನು ಮೂಲೆಗೆ ಸರಿಸಿದರು. 1933ರಲ್ಲಿ ಶುರುವಾದ ಹ್ಯಾಕ್‌ಬೆರಿ ರ‍್ಯಾಂಬ್ಲರ್ಸ್ ತಂಡ ವಿದ್ಯುತ್ ಇಲ್ಲದ ನೃತ್ಯಶಾಲೆಗಳಲ್ಲಿ ಹೊರಗೆ ನಿಲ್ಲಿಸಿದ ಫೋರ್ಡ್ ಕಾರಿನ ಎಂಜಿನ್ ಓಡಿಸಿ ಧ್ವನಿವರ್ಧಕ ನಡೆಸಿತು. ಮೈಕ್ ಬಂದ ಮೇಲೆ ಪಿಟೀಲು ಮತ್ತೆ ಕೇಳಿಸತೊಡಗಿತು, ಕಮಾನಿನ ಎಳೆತ ನಯವಾಯಿತು. ಡ್ರಮ್ ಸೇರಿತು. ಸ್ಟೀಲ್ ಗಿಟಾರ್ ಸೇರಿತು. ಒಂದು ಇಡೀ ಪೀಳಿಗೆಗೆ ಕೇಜನ್ ಸಂಗೀತ ಅಂದರೆ ಅಕಾರ್ಡಿಯನ್ ಇಲ್ಲದ ತಂತಿವಾದ್ಯದ ಬ್ಯಾಂಡ್. "ಝೋಲಿ ಬ್ಲಾಂಡ್" ಹಾಡನ್ನೇ ನೋಡಿ: 1929ರಲ್ಲಿ ಬ್ರೋ ಕುಟುಂಬದವರು ಅಕಾರ್ಡಿಯನ್ನಿನ ಜೊತೆ ಮೊದಲು ಮುದ್ರಿಸಿದ ವಾಲ್ಟ್ಸ್, ಅಂದರೆ ಮೂರು ಏಟಿನ ತಾಳದ ಕುಣಿತದ ಹಾಡು, ಅದು. 1946ರಲ್ಲಿ ಹ್ಯಾರಿ ಚೋಟ್ಸ್ ಪಿಟೀಲಿನ ಮೇಲೆ, ಸ್ವಿಂಗ್ ಧಾಟಿಯಲ್ಲಿ ಹಾಡಿದಾಗ ಅದು ಅಮೆರಿಕದಾದ್ಯಂತ ಹೆಸರಾಯಿತು. ಕೇಜನ್ನರ ನಾಡಗೀತೆ ಎಂದು ಎಲ್ಲರ ನಾಲಗೆಯ ಮೇಲೆ ನಿಂತದ್ದು ಆ ಬದಲಾದ ರೂಪವೇ.

ಅಕಾರ್ಡಿಯನ್ ಮರಳಿದ್ದು ಎರಡನೆಯ ಮಹಾಯುದ್ಧದ ನಂತರ. ಕಣ್ಣು ಮಸುಕಾಗಿದ್ದ ಯುವಕ ಐರಿ ಲೆಜೂನ್ ಆರ್ದ್ವಾಂನ ಹಳೆಯ ತಟ್ಟೆಗಳನ್ನು ಕೇಳಿ ಕಲಿತವನು. 1948ರಲ್ಲಿ ಅವನು ಹ್ಯೂಸ್ಟನ್‌ನಲ್ಲಿ ಮುದ್ರಿಸಿದ ವಾಲ್ಟ್ಸ್ ಒಂದು, ಯುದ್ಧದಿಂದ ಮನೆಗೆ ಬಂದು ಹಳೆಯ ಸದ್ದಿಗಾಗಿ ಹಂಬಲಿಸುತ್ತಿದ್ದ ಜನರ ಎದೆಗೆ ತಾಗಿತು. 1955ರಲ್ಲಿ, ಇಪ್ಪತ್ತಾರು ವರ್ಷಕ್ಕೇ, ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅಷ್ಟರಲ್ಲಿ ಅಕಾರ್ಡಿಯನ್, ಪಿಟೀಲು, ಸ್ಟೀಲ್ ಗಿಟಾರ್, ಎಲೆಕ್ಟ್ರಿಕ್ ಬೇಸ್, ಡ್ರಮ್ ಎಲ್ಲ ಸೇರಿದ ಹೊಸ ನೃತ್ಯಶಾಲೆಯ ಸದ್ದು ರೂಪುಗೊಳ್ಳುತ್ತಿತ್ತು. ಇವತ್ತು ಲೂಯಿಸಿಯಾನಾದ ಹಿರಿಯರು "ನಮ್ಮ ಕಾಲದ ನಿಜವಾದ ಸಂಗೀತ" ಅನ್ನುವುದು ಬಹಳ ಸಲ ಇದನ್ನೇ. ಅದು 1950–60ರ ದಶಕದ್ದು, ಅದರಲ್ಲಿ ಅರ್ಧ ವಾದ್ಯಗಳು ಕರೆಂಟಿನವು.

ಇನ್ನೊಂದು ಬಗೆಯ "ಹಳೆಯದು" 1964ರಲ್ಲಿ ಹುಟ್ಟಿತು. ರೋಡ್ ಐಲ್ಯಾಂಡ್‌ನ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಮೂವರು ಕೇಜನ್ ವಾದಕರನ್ನು ಕರೆದರು. ಅವರಲ್ಲಿ ಡ್ಯೂಯಿ ಬಾಲ್ಫಾ ಒಬ್ಬ, ಸ್ವತಃ ಪಿಟೀಲುಗಾರ, ಅಂದು ಗಿಟಾರ್ ಹಿಡಿದು ಹೋಗಿದ್ದ. ಊರಿನ ಪತ್ರಿಕೆಯೊಂದು ಇವರನ್ನು ಕಳಿಸಿದರೆ ನಾಡಿಗೇ ಮುಜುಗರ ಎಂಬ ಧಾಟಿಯಲ್ಲಿ ಬರೆದಿತ್ತು. ನ್ಯೂಪೋರ್ಟ್‌ನ ಸಾವಿರಾರು ಕೇಳುಗರು ಎದ್ದು ನಿಂತು ಚಪ್ಪಾಳೆ ಹೊಡೆದರು. ಬಾಲ್ಫಾ ಊರಿಗೆ ಮರಳಿ ಆ ಚಪ್ಪಾಳೆಯನ್ನು ಮನೆಯಲ್ಲೇ ಮೊಳಗಿಸುವ ಕೆಲಸಕ್ಕೆ ನಿಂತ. ಶಾಲೆಗಳಿಗೆ ಹೋದ, ಹುಡುಗರನ್ನು ಮನೆಗೆ ಕರೆದು ಕಲಿಸಿದ. 1974ರಲ್ಲಿ ಲಾಫಯೆಟ್‌ನಲ್ಲಿ ಕೇಜನ್ ಸಂಗೀತಕ್ಕೆ ಗೌರವ ಸಲ್ಲಿಸುವ ದೊಡ್ಡ ಕಛೇರಿ ನಡೆಯಿತು, ಅದೇ ಮುಂದೆ ವರ್ಷ ವರ್ಷದ ಹಬ್ಬವಾಯಿತು. ಬಾಲ್ಫಾ ಸಹೋದರರ ಶೈಲಿ, ಅಂದರೆ ಡ್ರಮ್ ಇಲ್ಲ, ಜೋಡಿ ಪಿಟೀಲು, ಅಕಾರ್ಡಿಯನ್, ಗಿಟಾರ್, ತ್ರಿಕೋನ, ಅದು ಹೊರಜಗತ್ತಿಗೆ "ಶುದ್ಧ ಕೇಜನ್" ಆಯಿತು. ಆದರೆ 1964ರಲ್ಲಿ ಊರಿನ ಡಾನ್ಸ್ ಹಾಲಿಗೆ ಹೋದವರಿಗೆ ಕೇಳುತ್ತಿದ್ದ ಶೈಲಿ ಅದಾಗಿರಲಿಲ್ಲ.

ಬಾಲ್ಫಾ ಹೇಳುತ್ತಿದ್ದ ಮಾತಿನ ಸಾರ ಇದು: ಬದಲಾಗುವುದು ನಿಂತರೆ ಸಂಸ್ಕೃತಿ ಸಾಯುತ್ತದೆ, ಆದರೆ ಆ ಬೆಳವಣಿಗೆಗೂ ಒಂದು ಮೇರೆ ಇರಬೇಕು. ಆ ಮೇರೆ ಎಲ್ಲಿದೆ ಎಂಬುದರ ಮೇಲೆ ಅವನ ಶಿಷ್ಯರೂ ಶಿಷ್ಯರ ಶಿಷ್ಯರೂ ಬೇರೆ ಬೇರೆ ದಾರಿ ಹಿಡಿದಿದ್ದಾರೆ. 1975ರಲ್ಲಿ ಮೈಕೆಲ್ ಡೂಸೆ ಕಟ್ಟಿದ ಬೋಸೊಲೇ ತಂಡ ಹಳೆಯ ಪಿಟೀಲುಗಾರರ ಹಾಡುಗಳನ್ನು ಹುಡುಕಿ ತಂದು ಅದಕ್ಕೆ ಜಾಜ್, ಕೆರಿಬಿಯನ್ ಲಯಗಳನ್ನು ಬೆರೆಸಿತು. ಬಾಲ್ಫಾನ ಗರಡಿಯಲ್ಲಿ ಪಳಗಿದ ಸ್ಟೀವ್ ರೈಲಿ 1988ರಲ್ಲಿ ಮಾಮೂ ಪ್ಲೇಬಾಯ್ಸ್ ಕಟ್ಟಿದ.

ಯೂನಿಸ್‌ನ ಮಾರ್ಕ್ ಸವಾ ಇನ್ನೊಂದು ಧ್ರುವ. 1966ರಿಂದ ಅಂಗಡಿ ನಡೆಸುತ್ತ ಕೈಯಾರೆ ಅಕಾರ್ಡಿಯನ್ ಮಾಡುವ ಈತ ಸಂಗೀತವನ್ನು ಪ್ರವಾಸಿಗರಿಗೆ ಮಾರುವ ಸರಕು ಮಾಡುವುದನ್ನು, ರಾಕ್ ಬೆರೆಸಿ ಹಿಗ್ಗಿಸುವುದನ್ನು ಬಹಿರಂಗವಾಗಿಯೇ ವಿರೋಧಿಸಿದವರು. ಅವರ ಅಂಗಡಿಯ ಶನಿವಾರ ಬೆಳಗಿನ ಜಾಮ್‌ನಲ್ಲಿ, ಅಂದರೆ ಬಂದವರೆಲ್ಲ ಒಟ್ಟಾಗಿ ನುಡಿಸುವ ಕೂಟದಲ್ಲಿ, ಮುದುಕರ ಪಕ್ಕ ಮಕ್ಕಳು ಕೂತು ಕಲಿತರು. ಅವರನ್ನು ಬರೀ ಹಠಮಾರಿ ಅಂದುಕೊಳ್ಳುವುದು ತಪ್ಪು. ಅವರು ಕಾಯುತ್ತಿದ್ದ ಸೂಕ್ಷ್ಮಗಳು ನಿಜಕ್ಕೂ ಕಳೆದುಹೋಗಬಲ್ಲವು. ಕಮಾನಿನ ಒತ್ತು ಎಲ್ಲಿ ಬೀಳಬೇಕು, ಗಾಯಕ ಎಷ್ಟು ತಡವಾಗಿ ಸಾಲು ಹಿಡಿಯಬೇಕು, ತಾಳದ ಲೆಕ್ಕದಲ್ಲಿ ಒಂದೆರಡು ಮಾತ್ರೆ ಹೆಚ್ಚೋ ಕಮ್ಮಿಯೋ ಆಗುವ ಹಳೆಯ ಹಾಡುಗಳನ್ನು ಹಾಗೆಯೇ ಬಿಡುವುದು ಹೇಗೆ, ಇವೆಲ್ಲ ಪುಸ್ತಕದಲ್ಲಿ ಸಿಗುವುದಿಲ್ಲ. ರಾಕ್ ಡ್ರಮ್ಮಿನ ಎರಡನೇ ನಾಲ್ಕನೇ ಏಟು ಜೋರಾಗಿ ಬಿದ್ದರೆ ಮೊದಲು ಅಳಿಸಿಹೋಗುವುದು ಇವೇ. ಸಪಾಟಾದ ನಾಲ್ಕು ಏಟಿನ ಮೇಲೆ ಅಕಾರ್ಡಿಯನ್ ಅಂಟಿಸಿದ ಹಾಡುಗಳನ್ನು ಕೇಳಿದಾಗ ನನಗೂ ಸಂಕಟವಾಗುತ್ತದೆ.

ಸವಾ ಅವರ ಮಕ್ಕಳು ಏನು ಮಾಡಿದರು ನೋಡಿ. ಜೋಯೆಲ್ ಸವಾ ರೆಡ್ ಸ್ಟಿಕ್ ರ‍್ಯಾಂಬ್ಲರ್ಸ್ ತಂಡದ ಸ್ಥಾಪಕರಲ್ಲಿ ಒಬ್ಬ. ಕೇಜನ್ ಜೊತೆ ಸ್ವಿಂಗ್, ಜಿಪ್ಸಿ ಜಾಜ್ ನುಡಿಸಿದ ತಂಡ ಅದು. ಮುಂದೆ ಯೂನಿಸ್‌ನಲ್ಲೇ ವಾಲ್ಕೂರ್ ಎಂಬ ಧ್ವನಿಮುದ್ರಣ ಸಂಸ್ಥೆ ತೆರೆದ. ವಿಲ್ಸನ್ ಸವಾ ಪೈನ್ ಲೀಫ್ ಬಾಯ್ಸ್ ತಂಡದ ಮುಂದಾಳು. ಇವರು ಹಳೆಯ ತಟ್ಟೆಗಳಿಂದ ಮರೆತುಹೋದ ಹಾಡುಗಳನ್ನು ಹೆಕ್ಕಿ ತಂದು ಇಪ್ಪತ್ತರ ಹರೆಯದ ಆವೇಶದಲ್ಲಿ ನುಡಿಸಿದರು. ವಾದ್ಯ ಹಳೆಯದು, ಹಾಡು ಹಳೆಯದು, ಹುರುಪು ಮಾತ್ರ ಬಾರ್‌ನಲ್ಲಿ ಕುಣಿಯುವ ಕಾಲೇಜು ಹುಡುಗರದ್ದು. ಕ್ರಿಯೋಲ್ ಪಿಟೀಲುಗಾರ ಸೆಡ್ರಿಕ್ ವಾಟ್ಸನ್ ಈ ತಂಡದಲ್ಲಿದ್ದು, ಆಮೇಲೆ ತನ್ನದೇ ತಂಡ ಕಟ್ಟಿದ.

ಲಾಸ್ಟ್ ಬಾಯೂ ರ‍್ಯಾಂಬ್ಲರ್ಸ್‌ನ ದಾರಿ ಇನ್ನೂ ಉದ್ದ. ಲೂಯಿ ಮತ್ತು ಆಂದ್ರೆ ಮಿಶೋ ಅಣ್ಣತಮ್ಮಂದಿರು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪಂದಿರ ಕುಟುಂಬದ ಬ್ಯಾಂಡಿನಲ್ಲಿ ಬೆಳೆದವರು. 1999ರಲ್ಲಿ ತಮ್ಮದೇ ತಂಡ ಶುರು ಮಾಡಿದಾಗ ಅದು ಹಳೆಯ ಸದ್ದಿಗೆ ತೀರ ನಿಷ್ಠವಾಗಿತ್ತು. ವರ್ಷ ಕಳೆದಂತೆ ಪಿಟೀಲು ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲಿನ ಮೂಲಕ ಹರಿಯತೊಡಗಿತು, ಲ್ಯಾಪ್ ಸ್ಟೀಲ್ ಗುಡುಗಿತು, ಎಲೆಕ್ಟ್ರಾನಿಕ್ ಗುಂಯ್‌ಗುಡುವಿಕೆ ಸೇರಿತು. 2018ರಲ್ಲಿ ಅವರಿಗೆ ಮೊದಲ ಗ್ರ್ಯಾಮಿ ತಂದ "ಕಲೆಂಡಾ" ಆಲ್ಬಂ ಈ ದಾರಿಯ ಫಲ. ಆ ಹೆಸರು ಗುಲಾಮಗಿರಿಯ ಕಾಲದಲ್ಲಿ ಆಫ್ರಿಕನ್ನರು ಆಡುತ್ತಿದ್ದ ನೃತ್ಯದ್ದು. ಅಕಾರ್ಡಿಯನ್ನಿಗಿಂತ ಹಿಂದಿನ ಲಯವನ್ನು ಅವರು ಸಿಂಥಸೈಜರ್ ಕಾಲದ ಉಪಕರಣಗಳಿಂದ ಅರಸುತ್ತಿದ್ದಾರೆ. ಹಾಗೆ ನೋಡಿದರೆ ಅದೇ ಆಲ್ಬಂ ಒಬ್ಬರ ಕಿವಿಗೆ ಅತಿ ಹೊಸದು, ಇನ್ನೊಬ್ಬರ ಕಿವಿಗೆ ಬಹಳ ಹಳೆಯದು.

ಈ ಹಿಂದಕ್ಕೆ ಹೋಗುವ ಕೆಲಸಕ್ಕೆ ಒಂದು ಭಂಡಾರವೂ ಇದೆ. 1934ರಲ್ಲಿ ಜಾನಪದ ಹಾಡುಗಳ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಆಲನ್ ಅಮೆರಿಕ ಸರ್ಕಾರದ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಈ ಭಾಗದಲ್ಲಿ ತಿರುಗಿ ಹಾಡುಗಳನ್ನು ಮುದ್ರಿಸಿಕೊಂಡರು. ಅದರಲ್ಲಿ ವಾದ್ಯವೇ ಇಲ್ಲದ ಹಾಡುಗಳಿವೆ, ಹೆಂಗಸರು ಮನೆಯಲ್ಲಿ ಹಾಡುತ್ತಿದ್ದ ಲಾವಣಿಗಳಿವೆ, ಕೈಚಪ್ಪಾಳೆ ಕಾಲ್ತಾಳದ ಮೇಲೆ ನಿಂತ ಕ್ರಿಯೋಲರ ಝುರೆ ಇದೆ. ಡಾನ್ಸ್ ಹಾಲಿನ ಟೂ-ಸ್ಟೆಪ್ ಮತ್ತು ವಾಲ್ಟ್ಸ್ ಅಷ್ಟೇ ಸಂಪ್ರದಾಯ ಎಂದುಕೊಂಡಿದ್ದ ಯುವಕರಿಗೆ ಇದು ಬೇರೆಯೇ ಬಾಗಿಲು ತೆರೆಯಿತು. ವಾದ್ಯವಿಲ್ಲದ ಹಾಡಿಗೆ ಯಾವ ವಾದ್ಯ ಕೂರಿಸಿದರೂ ಅದು ಹೊಸತೇ ಆಗುತ್ತದೆ, ಅಕಾರ್ಡಿಯನ್ ಕೂರಿಸಿದರೂ.

ಮಕ್ಕಳ ತಂಡವಾಗಿ 1990ರ ದಶಕದಲ್ಲಿ ಶುರುವಾದ ಫೂಫೊಲೆ 2010ರ ಹೊತ್ತಿಗೆ ಫ್ರೆಂಚಿನಲ್ಲಿ ತಾವೇ ಬರೆದ ಹಾಡುಗಳನ್ನು ಇಂಡೀ ಪಾಪ್‌ನ ಬಣ್ಣದಲ್ಲಿ ಹಾಡುತ್ತಿತ್ತು, ಮುಂದೆ ಇಂಗ್ಲಿಷ್ ಹಾಡುಗಳನ್ನೂ ಸೇರಿಸಿಕೊಂಡಿತು. ಬಾಲ್ಫಾನ ಮಗಳು ಕ್ರಿಸ್ಟೀನ್ ಮತ್ತು ಅಕಾರ್ಡಿಯನ್ ವಾದಕಿ ಕ್ರಿಸ್ಟಿ ಗಿಲರಿ ಇರುವ ಬೊನ್ಸ್ವಾರ್ ಕತ್ತಾಂ ಹೆಂಗಸರ ತಂಡ. ಸದ್ದಿನಲ್ಲಿ ನೃತ್ಯಶಾಲೆಯ ಪರಂಪರೆಗೆ ಹತ್ತಿರವಿದ್ದರೂ, ಕ್ಲಿಯೋಮಾ ಬ್ರೋ ನಂತರ ದಶಕಗಳ ಕಾಲ ಗಂಡಸರದ್ದೇ ಆಗಿದ್ದ ವೇದಿಕೆಯಲ್ಲಿ ಅವರು ನಿಂತದ್ದು ಪೆಡಲುಗಳಿಗಿಂತ ದೊಡ್ಡ ಬದಲಾವಣೆ ಎಂದು ನಾನು ತಿಳಿಯುತ್ತೇನೆ. ನ್ಯೂ ಆರ್ಲಿಯನ್ಸ್‌ನ ಸ್ವೀಟ್ ಕ್ರೂಡ್ ತಂಡಕ್ಕಂತೂ ಅಕಾರ್ಡಿಯನ್ನಿನ ಹಂಗೇ ಇಲ್ಲ. ಡ್ರಮ್ಮುಗಳ ಗದ್ದಲ, ಒಟ್ಟಾಗಿ ಹಾಡುವ ಕೊರಳು, ಮತ್ತು ಲೂಯಿಸಿಯಾನಾ ಫ್ರೆಂಚ್.

ಈ ಫ್ರೆಂಚ್ ಅನ್ನುವುದೇ ಮುಖ್ಯ. 1921ರ ಲೂಯಿಸಿಯಾನಾ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು. ಆಟದ ಬಯಲಿನಲ್ಲಿ ಫ್ರೆಂಚ್ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು, ಇನ್ನು ಮಾತಾಡುವುದಿಲ್ಲ ಎಂದು ಸಾಲು ಸಾಲಾಗಿ ಬರೆಸುತ್ತಿದ್ದರು. ಆ ಅವಮಾನ ಉಂಡವರು ತಮ್ಮ ಮಕ್ಕಳಿಗೆ ಭಾಷೆಯನ್ನೇ ಕಲಿಸಲಿಲ್ಲ. ಅಜ್ಜ ಅಜ್ಜಿಗೆ ಫ್ರೆಂಚ್, ಅಪ್ಪ ಅಮ್ಮನಿಗೆ ಅರ್ಧಂಬರ್ಧ, ಮೊಮ್ಮಕ್ಕಳಿಗೆ ಇಂಗ್ಲಿಷ್ ಮಾತ್ರ. 1968ರಲ್ಲಿ ರಾಜ್ಯ ಸರ್ಕಾರ ಫ್ರೆಂಚ್ ಅಭಿವೃದ್ಧಿ ಮಂಡಳಿ ಸ್ಥಾಪಿಸುವ ಹೊತ್ತಿಗೆ ಕೊಂಡಿ ಕಳಚಿತ್ತು. ಹಾಗಾಗಿ ಇಂದಿನ ಬಹುತೇಕ ಯುವ ವಾದಕರು ತಮ್ಮ ಸಂಗೀತದ ಭಾಷೆಯನ್ನು ಬೆಳೆದ ಮೇಲೆ ಕಲಿತವರು, ಕೆಲವರು ಎಲ್ಲ ಪಾಠವೂ ಫ್ರೆಂಚಿನಲ್ಲೇ ನಡೆಯುವ ಶಾಲೆಗಳಲ್ಲಿ, ಕೆಲವರು ಕೆನಡಾದ ಅಕೇಡಿಯನ್ನರ ವಿಶ್ವವಿದ್ಯಾಲಯಕ್ಕೆ ಹೋಗಿ, ಇನ್ನು ಕೆಲವರು ಹಾಡಿನ ಸಾಲುಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡಿ, ಆಮೇಲೆ ಅರ್ಥ ಹುಡುಕುತ್ತ.

ಇಲ್ಲಿಂದ ನೋಡಿದರೆ ಸಂಪ್ರದಾಯ ಮತ್ತು ಹೊಸತನದ ಗೆರೆ ಬೇರೆ ಕಡೆ ಕಾಣುತ್ತದೆ. ವಾದ್ಯಗಳಲ್ಲಿ ತುಂಬ ಧೈರ್ಯ ತೋರುವ ತಂಡಗಳೇ ಭಾಷೆಯ ವಿಷಯದಲ್ಲಿ ಅತಿ ಕಟ್ಟುನಿಟ್ಟು. ಲೂಯಿ ಮಿಶೋ ಪಿಟೀಲನ್ನು ಏನು ಬೇಕಾದರೂ ಮಾಡಲು ಸಿದ್ಧ, ಹಾಡುವುದು ಫ್ರೆಂಚಿನಲ್ಲಿ, ಮಕ್ಕಳೊಡನೆ ಮಾತಾಡುವುದೂ ಫ್ರೆಂಚಿನಲ್ಲಿ. ಗಾಯಕ, ಪಿಟೀಲುಗಾರ ಝುರ್ಡಾನ್ ಟಿಬೊಡೊ ತನ್ನ ತಂಡದ ವೇದಿಕೆಯಿಂದ ಮತ್ತೆ ಮತ್ತೆ ಒತ್ತಿ ಹೇಳುವುದೂ ಭಾಷೆಯನ್ನು ದಿನನಿತ್ಯ ಬದುಕಬೇಕು ಎಂದೇ. ಹಾಡು ಬರೆಯುವುದು ಇವರಿಗೆ ಅಜ್ಜಂದಿರಿಗಿಂತ ಕಷ್ಟದ ಕೆಲಸ. ಹಳೆಯ ಹಾಡುಗಳಲ್ಲಿ ಬಿಟ್ಟುಹೋದ ಗೆಳತಿ, ಅನಾಥ ಮಗ, ಮನೆಗೆ ಮರಳುವ ದಾರಿ ಇಂಥ ಸಿದ್ಧ ಸಾಲುಗಳು ಹಾಡಿನಿಂದ ಹಾಡಿಗೆ ಓಡಾಡುತ್ತವೆ. ಅವನ್ನೇ ಮರುಜೋಡಿಸುವುದು ಸುಲಭ. ತಮ್ಮ ಕಾಲದ ಬದುಕನ್ನು, ಚಂಡಮಾರುತವನ್ನು, 1932ರಿಂದ 2016ರ ನಡುವೆ ಸುಮಾರು 4,800 ಚದರ ಕಿಲೋಮೀಟರ್ ನೆಲವನ್ನು ಕಳೆದುಕೊಂಡ ಕರಾವಳಿಯನ್ನು ಈ ಭಾಷೆಯಲ್ಲಿ ಹೇಳಬೇಕಾದರೆ ಅದರಲ್ಲಿ ಯೋಚಿಸಲು ಬರಬೇಕು.

ಇನ್ನೊಂದು ತೀರ್ಪುಗಾರ ಕುಣಿಯುವ ಜನ. ಊರಿನ ಕೇಳುಗರು ಕೂತು ಕೇಳುವವರಲ್ಲ. ಟೂ-ಸ್ಟೆಪ್ಪಿನ ವೇಗ ಹೆಜ್ಜೆಗೆ ಒಗ್ಗದಿದ್ದರೆ ನೆಲ ಖಾಲಿಯಾಗುತ್ತದೆ, ಯಾರೂ ವಿಮರ್ಶೆ ಬರೆಯುವ ಅಗತ್ಯವಿಲ್ಲ. ನ್ಯೂಯಾರ್ಕಿನ ಸಭಾಂಗಣದಲ್ಲಿ ಗೆದ್ದ ಪ್ರಯೋಗ ಲಾಫಯೆಟ್‌ನ ಶುಕ್ರವಾರ ರಾತ್ರಿ ಸೋಲಬಹುದು. ಆದ್ದರಿಂದಲೇ ಅನೇಕ ತಂಡಗಳು ಎರಡು ಬಗೆಯ ಹಾಡುಪಟ್ಟಿ ಇಟ್ಟುಕೊಂಡಿವೆ. ಇದು ದ್ವಂದ್ವ ಎಂದು ನನಗೆ ಅನಿಸುವುದಿಲ್ಲ. ಕುಣಿಯುವವರಿಗೆ ನುಡಿಸುವ ಶಿಸ್ತು ಇರುವ ತನಕ ಆಲ್ಬಂಗಳಲ್ಲಿ ಎಷ್ಟು ದೂರ ಹೋದರೂ ಮರಳುವ ನೆಲವೊಂದು ಇರುತ್ತದೆ.

ಈ ಚರ್ಚೆಯಲ್ಲಿ ತಡವಾಗಿ ಬಂದ, ಆದರೆ ಬರಲೇಬೇಕಿದ್ದ ವಿಷಯ ಕ್ರಿಯೋಲರ ಪಾಲು. ಅಮೆದೆ ಆರ್ದ್ವಾಂನನ್ನು 1930ರ ದಶಕದ ಕೊನೆಯ ಹೊತ್ತಿಗೆ ಒಂದು ಕುಣಿತದ ನಂತರ ಬಡಿದು ಹಾಕಿದರು. ಬಿಳಿಯ ಹೆಣ್ಣೊಬ್ಬಳು ಬೆವರೊರೆಸಲು ಕೊಟ್ಟ ಕರವಸ್ತ್ರವನ್ನು ಅವನು ತೆಗೆದುಕೊಂಡದ್ದೇ ಕಾರಣ ಎಂದು ಊರು ನೆನೆಯುತ್ತದೆ. 1942ರಲ್ಲಿ ಪೈನ್‌ವಿಲ್‌ನ ಮಾನಸಿಕ ಆಸ್ಪತ್ರೆಯಲ್ಲಿ ಸತ್ತ. ಅವನ ಹಾಡುಗಳು ಬಿಳಿಯ ಕೇಜನ್ನರ ಪರಂಪರೆಯಾಗಿ ಉಳಿದವು, ಕಪ್ಪು ಕ್ರಿಯೋಲರ ಸಂಗೀತ ಝೈಡೆಕೊ ಎಂಬ ಬೇರೆ ಹೆಸರಿನಲ್ಲಿ ಬೇರೆ ಕವಲಾಯಿತು. ಲಾಫಯೆಟ್‌ನ ಹಬ್ಬದ ಹೆಸರಿನಲ್ಲಿ ಈಗ ಅಕೇಡಿಯನ್ ಜೊತೆ ಕ್ರಿಯೋಲ್ ಕೂಡ ಇದೆ. ಈ ಪೀಳಿಗೆಯ ವಾದಕರು ವೇದಿಕೆಯಲ್ಲಿ ಆರ್ದ್ವಾಂನ ಹೆಸರು ಹೇಳಿ ಹಾಡುತ್ತಾರೆ, ಎರಡೂ ಕವಲಿನವರು ಒಂದೇ ತಂಡದಲ್ಲಿ ನುಡಿಸುತ್ತಾರೆ.

ಕೇಳಲು ಶುರುಮಾಡುವವರು "ಝೋಲಿ ಬ್ಲಾಂಡ್"ನ 1929ರ ಮತ್ತು 1946ರ ಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಲಿ, ಎರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ನಂತರ ಬಾಲ್ಫಾ ಸಹೋದರರ ಯಾವುದಾದರೂ ವಾಲ್ಟ್ಸ್, ನಂತರ ಪೈನ್ ಲೀಫ್ ಬಾಯ್ಸ್, ಕೊನೆಗೆ "ಕಲೆಂಡಾ". ವಾದ್ಯಗಳನ್ನು ಗಮನಿಸಬೇಡಿ, ಗಾಯಕ ಸಾಲನ್ನು ಹಿಡಿಯುವ ಜಾಗವನ್ನೂ ಪಿಟೀಲಿನ ಕಮಾನು ಎಲ್ಲಿ ಒತ್ತುತ್ತದೆ ಎಂಬುದನ್ನೂ ಗಮನಿಸಿ. ಕೊನೆಯ ಆಲ್ಬಂನಲ್ಲಿ ಅವು ಎಷ್ಟು ಉಳಿದಿವೆ ಎಂಬುದನ್ನು ಅಷ್ಟರಲ್ಲಿ ನಿಮ್ಮ ಕಿವಿಯೇ ಹೇಳುತ್ತದೆ. ನನ್ನ ಕಿವಿಗೆ ಬಹಳ ಉಳಿದಿವೆ.